ಪರದೆಯಕ್ಕನ ರೆಕ್ಕೆ

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದವರು ಇಬ್ಬರೇ: ಗಂಡ ಮತ್ತು ಅಂಚೆಯವನು. ಮಿಕ್ಕವರಿಗೆಲ್ಲ ಅವಳು ಪರದೆಯಕ್ಕ. ಮೂವತ್ತು ವರ್ಷಗಳಿಂದ ಕಿಟಕಿ ಪರದೆ, ಸೋಫಾ ಕವರು, ದಿಂಬಿನ ಗವಸು ಹೊಲಿಯುತ್ತ ಬಂದವಳು. ಊರಿನ ಅರ್ಧ ಮನೆಗಳ ಗುಟ್ಟು ಅವಳ ಪರದೆಗಳ ಹಿಂದೆಯೇ ಇತ್ತು. ಒಂದನ್ನೂ ಅವಳು ಬಾಯಿಬಿಟ್ಟವಳಲ್ಲ. ಬಾಯಲ್ಲಿ ಸದಾ ಗುಂಡುಸೂಜಿ ಇರುತ್ತಿದ್ದುದರಿಂದ ಬಿಡುವುದು ಸಾಧ್ಯವೂ ಇರಲಿಲ್ಲ.

ಅವಳದೇ ಒಂದು ಗುಟ್ಟೂ ಇತ್ತು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಅವಳು ಊರಾಚೆಯ ಫ್ಲೈಯಿಂಗ್ ಕ್ಲಬ್ಬಿಗೆ ವಿಮಾನ ಓಡಿಸಲು ಕಲಿಯಲೆಂದು ಸೇರಿದ್ದಳು. ಮದುವೆಯಾದ ಹೊಸದರಲ್ಲಿ ಗಂಡನಿಗೆ "ನಾನು ಹನ್ನೊಂದು ಗಂಟೆ ಹಾರಿದೀನಿ" ಎಂದಾಗ, ಆತ ಗಡಿಯಾರ ರಿಪೇರಿಯವನಾದ್ದರಿಂದ, "ಬೆಳಿಗ್ಗೆ ಹನ್ನೊಂದೋ ರಾತ್ರಿ ಹನ್ನೊಂದೋ?" ಎಂದು ಕೇಳಿದ್ದ. ಆ ಮಾತು ಅಲ್ಲಿಗೇ ನಿಂತಿತು. ಪಾಠ ನಿಂತದ್ದಕ್ಕೂ ದೊಡ್ಡ ದುರಂತವೇನೂ ಕಾರಣವಲ್ಲ. ರನ್‌ವೇ ರಿಪೇರಿಗೆಂದು ಕ್ಲಬ್ಬು ಎರಡು ವರ್ಷ ಮುಚ್ಚಿತು. ತೆರೆಯುವಷ್ಟರಲ್ಲಿ ಅವಳಿಗೆ ಅಂಗಡಿಯಿತ್ತು, ಮಡಿಲಲ್ಲಿ ಮಗಳಿದ್ದಳು. ಆಸೆಯೊಂದು ಬೀರುವಿನ ತಳ ಸೇರಿದ ಸೀರೆಯ ಹಾಗೆ ಮಡಿಕೆ ಬಿಚ್ಚದೆ ಉಳಿಯಿತು.

ಮಗಳು ಮದುವೆಯಾಗಿ ಬೇರೆ ಊರು ಸೇರಿದ ಮೇಲೆ, ಅವಳ ಐವತ್ತನಾಲ್ಕನೆಯ ವರ್ಷದಲ್ಲಿ, ಅದೇ ಕ್ಲಬ್ಬಿನಿಂದ ಕರೆ ಬಂತು. ತರಬೇತಿ ವಿಮಾನದ ಸೀಟು ಹರಿದಿದೆ, ಹೊಸ ಹೊದಿಕೆ ಬೇಕು. ಪರದೆಯಕ್ಕ ಅಳತೆ ಟೇಪು ಕತ್ತಿಗೆ ಹಾಕಿಕೊಂಡು ಹೋದಳು. ಮೆತ್ತೆಯ ಎತ್ತರ ನೋಡೋಣವೆಂದು ಒಳಗೆ ಕೂತಳು. ಕಾಲುಗಳು ತಾವಾಗಿಯೇ ಮುಂದೆ ಸರಿದು ಪೆಡಲುಗಳನ್ನು ಹುಡುಕಿಕೊಂಡವು. ಕಾಲಿಗೆ ನೆನಪಿತ್ತು, ತಲೆಗೆ ಆಮೇಲೆ ಬಂತು. ಎದುರಿನ ಗಾಜಿನಾಚೆ ಹುಲ್ಲು, ಹುಲ್ಲಿನಾಚೆ ಉದ್ದಕ್ಕೆ ಬಿದ್ದ ಬೂದು ದಾರಿ, ಅದರಾಚೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನೇ ಅವಳು ನೋಡುತ್ತ ಕೂತುಬಿಟ್ಟಳು.

"ಅಳತೆ ಆಯ್ತಾ ಆಂಟಿ?" ಎಂದು ಬಾಗಿಲ ಬಳಿ ಒಬ್ಬಳು ಕೇಳಿದಳು. ಇಪ್ಪತ್ತೇಳರ ಹುಡುಗಿ, ಕ್ಲಬ್ಬಿನ ತರಬೇತುದಾರಳು.

"ತೆಗೀತಾ ಇದೀನಿ ಮೇಡಂ."

"ಅರ್ಧ ಗಂಟೆಯಿಂದ ಟೇಪು ನಿಮ್ಮ ಕತ್ತಲ್ಲೇ ಇದೆಯಲ್ಲ."

ಪರದೆಯಕ್ಕ ಕೆಳಗಿಳಿಯಲಿಲ್ಲ. "ಹನ್ನೆರಡನೇ ಗಂಟೆಯಿಂದ ಶುರು ಮಾಡಬಹುದಾ, ಮತ್ತೆ ಒಂದರಿಂದಲೇ ಕಲೀಬೇಕಾ?" ಎಂದು ಕೇಳಿದಳು.

ಒಂದರಿಂದಲೇ ಕಲಿಯಬೇಕಾಯಿತು. ಗಂಡನಿಗೆ ಹೇಳಿದಾಗ ಅವನು ಕಣ್ಣಿಗೆ ಕಚ್ಚಿಕೊಂಡಿದ್ದ ಭೂತಗನ್ನಡಿಯಲ್ಲೇ ಅವಳನ್ನು ನೋಡಿದ. ಸ್ಟೂಲು ಹತ್ತಿದರೂ ತಲೆ ಸುತ್ತುವ ಮನುಷ್ಯ ಅವನು. ಮನೆಯ ಬಲ್ಬುಗಳನ್ನೆಲ್ಲ ಬದಲಾಯಿಸಿದವಳು ಅವಳೇ. "ವಯೋಮಾನ ನೋಡ್ಕೋಬೇಕು, ವಿಮಾನ ಅಲ್ಲ" ಎಂದ. "ಎರಡೂ ಮೇಲಕ್ಕೇ ಹೋಗ್ತಿವೆಯಲ್ಲ ರೀ" ಎಂದಳು ಇವಳು. ಅನುಮಾನವಿದ್ದರೂ ಆತ ಅಡ್ಡ ಬರಲಿಲ್ಲ. ವಾರಕ್ಕೆ ಎರಡು ದಿನ ಬೆಳಿಗ್ಗೆ ಅವಳು ಬಸ್ಸು ಹಿಡಿದು ಹೋಗಿ ಹಾರಿ ಬರತೊಡಗಿದಳು. ಒಂದು ವರ್ಷಕ್ಕೆ ಲೈಸೆನ್ಸು ಕೈಗೆ ಬಂತು. ಅಷ್ಟರಲ್ಲಿ ಅವಳ ಕಣ್ಣು ಬೇರೆ ಕಡೆ ಹೋಗಿತ್ತು.

ವಿಮಾನಗಳನ್ನು ನಿಲ್ಲಿಸುವ ಹ್ಯಾಂಗರಿನ ಹಿಂದಿನ ಮೂಲೆಯಲ್ಲಿ ಅವಳಿಗಿಂತ ಹಿರಿಯದಾದ ಒಂದು ಪುಟ್ಟ ವಿಮಾನವಿತ್ತು. ಒಬ್ಬರ ಹಿಂದೊಬ್ಬರು ಕೂರುವ ಎರಡು ಸೀಟು, ಬಾಲದಡಿ ಒಂದು ಮರಿ ಚಕ್ರ, ತಲೆಯ ಮೇಲೆ ಚಾಚಿಕೊಂಡ ರೆಕ್ಕೆ. ಮೊದಲ ಸಲ ಅದನ್ನು ಮುಟ್ಟಿದಾಗ ಅವಳ ಬೆರಳು ನಿಂತೇಹೋಯಿತು. ತಗಡಿರಲಿಲ್ಲ. ಬಟ್ಟೆ. ಮರದ ಪಕ್ಕೆಲುಬುಗಳ ಮೇಲೆ ಬಟ್ಟೆ ಎಳೆದು, ಹೊಲಿದು, ಬಣ್ಣ ಹಚ್ಚಿ ಬಿಗಿಗೊಳಿಸಿದ್ದರು. ಬೆರಳಿಂದ ತಟ್ಟಿದರೆ ಚರ್ಮದ ವಾದ್ಯದಂತೆ ಢಬ್ಬೆಂದಿತು. ಜೀವಮಾನವೆಲ್ಲ ತಾನು ಮುಟ್ಟಿ, ಕತ್ತರಿಸಿ, ಮಡಚಿದ ವಸ್ತು. ಇದೇ ಮನುಷ್ಯರನ್ನು ಆಕಾಶಕ್ಕೆ ಎತ್ತಿಕೊಂಡು ಹೋಗುತ್ತದೆಂದು ಯಾರೂ ಹೇಳಿರಲಿಲ್ಲ.

ಅದರ ಒಡೆಯ ಕ್ಲಬ್ಬಿನ ಹಳೆಯ ಮೆಕ್ಯಾನಿಕ್ಕು. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಎಪ್ಪತ್ತಾರು ವಯಸ್ಸು, ಕಣ್ಣು ಮಂಜಾಗುತ್ತಿತ್ತು. ಗುಜರಿಯಿಂದ ತಂದ ಆ ವಿಮಾನವನ್ನು ಇಪ್ಪತ್ತು ವರ್ಷ ಕೂತು ಒಂದೊಂದೇ ಮೊಳೆಯಿಂದ ಎಬ್ಬಿಸಿದ್ದ. ಎಡಗಡೆಯ ರೆಕ್ಕೆ ಮಾತ್ರ ಇನ್ನೂ ಬರಿ ಮೂಳೆಯಾಗಿತ್ತು.

"ಕೊಡ್ತೀರಾ ಮೇಸ್ತ್ರಿ?"

"ಕೇಳಿದೋರಿಗೆಲ್ಲ ಕೊಡೋದಿದ್ರೆ ಯಾವತ್ತೋ ಹೋಗಿರ್ತಿತ್ತು. ಒಬ್ಬ ಹೋಟೆಲ್ ಮಾಲೀಕ ಲಾರಿ ತರ್ತೀನಿ ಅಂತ ಕುಣೀತಿದಾನೆ. ಊಟದ ಹಾಲ್‌ನಲ್ಲಿ ಚಾವಣಿಗೆ ನೇತು ಹಾಕ್ತಾನಂತೆ. ಜನ ಉಣ್ಣೋವಾಗ ತಲೆ ಎತ್ತಿ ನೋಡಬೇಕಂತೆ."

"ನೀವೇನಂದ್ರಿ?"

"ಕಣ್ಣು ಪೂರ್ತಿ ಹೋಗೋ ಮುಂಚೆ ಹೇಳ್ತೀನಿ ಅಂದೆ. ಈ ತಿಂಗಳ ಕೊನೆವರೆಗೂ ಟೈಮ್ ಕೇಳಿದೀನಿ." ಮೇಸ್ತ್ರಿ ಅವಳ ಕೈಬೆರಳುಗಳನ್ನು ಹಿಡಿದು, ಸೂಜಿ ಚುಚ್ಚಿ ಗಟ್ಟಿಯಾದ ತುದಿಗಳನ್ನು ಸವರಿ ನೋಡಿದ. "ಆ ರೆಕ್ಕೆಗೆ ನೀನೇ ಬಟ್ಟೆ ಹೊದಿಸು. ಆಮೇಲೆ ಅದರ ಕೆಳಗೆ ನೀನೇ ಕೂತು ಹಾರು. ಇಳಿದು ಬಂದ್ರೆ ಗಾಡಿ ನಿಂದು."

ಪರದೆಯಕ್ಕನಿಗೆ ನಗು ತಡೆಯಲಾಗಲಿಲ್ಲ. ಹೊಲಿಗೆಯೇ ಪರೀಕ್ಷೆಯೆಂದರೆ ಮೀನಿಗೆ ಈಜಿನ ಪರೀಕ್ಷೆ ಇಟ್ಟ ಹಾಗಾಯಿತು. ಮೇಸ್ತ್ರಿ ಮೇಣದ ದಾರ, ಗೇಣುದ್ದದ ಸೂಜಿ ಕೊಟ್ಟು, ಪ್ರತಿ ಹೊಲಿಗೆಗೂ ಹಾಕಬೇಕಾದ ಗಂಟನ್ನು ಒಮ್ಮೆ ತೋರಿಸಿದ. ಅವಳು ತಲೆಯಾಡಿಸಿದಳು. ಒಳಗೊಳಗೇ, ಅಷ್ಟು ಚೆಂದದ ಬಟ್ಟೆಯ ಮೇಲೆ ಮೊಡವೆಯ ಹಾಗೆ ಗಂಟುಗಳ ಸಾಲೇ ಎಂದುಕೊಂಡಳು. ಅವಳ ಕಸುಬಿನಲ್ಲಿ ನಡುವೆ ಗಂಟು ಬಿತ್ತೆಂದರೆ ಕೈ ಪಳಗಿಲ್ಲವೆಂದು ಅರ್ಥ.

ರೆಕ್ಕೆಯನ್ನು ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ ಬಟ್ಟೆ ಹೊದಿಸಿದ್ದಾಯಿತು. ಬೆಳಗಿನ ಬಿಸಿಲು ಆಚೆಯಿಂದ ಬಿದ್ದಾಗ ಒಳಗಿನ ಪಕ್ಕೆಲುಬುಗಳೆಲ್ಲ ಬಟ್ಟೆಯಲ್ಲಿ ಮೂಡಿ, ಯಾವುದೋ ದೊಡ್ಡ ಪ್ರಾಣಿ ಉಸಿರು ಹಿಡಿದು ನಿಂತಿದೆಯೇನೋ ಎನ್ನಿಸಿ ಅವಳು ದನಿ ತಗ್ಗಿಸಿ ಮಾತಾಡಿದಳು. ಮಾತಾಡಲು ಅಲ್ಲಿ ಯಾರೂ ಇರಲಿಲ್ಲ. ಎಂಟು ದಿನ ಅಂಗಡಿ ಮುಚ್ಚಿ ಹೊಲಿದಳು. ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ, ಒಂದೇ ದಾರ, ಒಂದೇ ಬಿಗಿ, ಸಾಲು ಕಡ್ಡಿ ಇಟ್ಟು ಗೆರೆ ಎಳೆದಂತೆ. ಗಂಟು ಸಾಲಿನ ಎರಡು ತುದಿಗಳಲ್ಲಿ ಮಾತ್ರ, ಅದೂ ಕಾಣದಂತೆ.

ಮೇಸ್ತ್ರಿ ಬಂದು ಅಂಗೈ ಆಡಿಸಿದ. "ಚೆಂದ ಇದೆ. ಇಷ್ಟು ಚೆಂದ ನಾನು ನೋಡಿಲ್ಲ."

ಅಷ್ಟು ಹೇಳಿ ಜೇಬಿನಿಂದ ಬ್ಲೇಡು ತೆಗೆದು ನಡುಸಾಲಿನ ಒಂದು ಹೊಲಿಗೆಯನ್ನು ಚಕ್ಕೆಂದು ಕತ್ತರಿಸಿದ. ಪಕ್ಕದ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿದ. ದಾರ ಸರ್ರನೆ ಜಾರಿತು. ಒಂದರ ಹಿಂದೆ ಒಂದು, ಒಂಬತ್ತು ಹೊಲಿಗೆ ಸಡಿಲಾದವು.

"ಇದೇನಮ್ಮ?"

"ನಾವು ಹೊಲಿಯೋದೇ ಹಾಗೆ ಮೇಸ್ತ್ರಿ. ಪರದೆ ನಾಳೆ ಉದ್ದ ಮಾಡಬೇಕಾಗುತ್ತೆ, ಗಿಡ್ಡ ಮಾಡಬೇಕಾಗುತ್ತೆ. ಒಂದು ತುದಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳಬೇಕು."

"ಮೇಲೆ ಗಾಳೀನೂ ಅದನ್ನೇ ಹುಡುಕ್ತಿರುತ್ತೆ, ಒಂದು ತುದಿ" ಎಂದ ಮೇಸ್ತ್ರಿ. ಸಿಟ್ಟಿರಲಿಲ್ಲ ದನಿಯಲ್ಲಿ. "ತಿಂಗಳು ಮುಗಿಯೋಕೆ ಇನ್ನು ಹದಿನೇಳು ದಿನ ಇದೆ."

ಅವನು ಹೋದ ಮೇಲೆ ಅವಳು ಮಿಕ್ಕ ಸಾಲುಗಳ ತುದಿ ಹಿಡಿದು ತಾನೇ ಎಳೆದಳು. ದಿನವಿಡೀ ಕೂತು ಹೊಲಿದ ಸಾಲು ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಬಿಚ್ಚಿ ಕಾಲಬಳಿ ಸುರುಳಿಯಾಗಿ ಬಿತ್ತು. ಎಷ್ಟು ಸಲೀಸಾಗಿ ಬಂತು ಅದು. ಆ ಸಲೀಸಿನ ಕೆಳಗೆ ಎರಡು ಸಾವಿರ ಅಡಿ ಎತ್ತರದಲ್ಲಿ ತಾನು ಕೂತಿರುವುದು ಅವಳ ಕಣ್ಣಿಗೆ ಕಟ್ಟಿತು. ಬೇಸರದ ಜೊತೆಗೇ ಒಂದು ಬೆರಗೂ ಹುಟ್ಟಿತು: ಮೂವತ್ತು ವರ್ಷ ಹೊಲಿದೂ ಒಂದು ಗಂಟಿನ ತೂಕ ಎಷ್ಟೆಂದು ತನಗೆ ಗೊತ್ತಿರಲಿಲ್ಲವಲ್ಲ.

ಎರಡನೆಯ ಸಲದ ಹೊಲಿಗೆಗೆ ಒಬ್ಬಳೇ ಸಾಲಲಿಲ್ಲ. ಪ್ರತಿ ಹೊಲಿಗೆಗೂ ಗಂಟು ಹಾಕಿ ಬಿಗಿಯಬೇಕೆಂದರೆ, ಸೂಜಿಯನ್ನು ಆಚೆಯಿಂದ ತಿರುಗಿಸಿ ಕೊಡಲು ಇನ್ನೊಂದು ಕೈ ಬೇಕು. ಮರುದಿನ ಬೆಳಿಗ್ಗೆ ಗಂಡ ತನ್ನ ಅಂಗಡಿಗೆ ಬೀಗ ಹಾಕಿ, ಭೂತಗನ್ನಡಿ ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದ. ರೆಕ್ಕೆಯ ಆ ಬದಿಗೆ ಒಂದು ಕುರ್ಚಿ ಹಾಕಿಕೊಂಡ. ಸ್ಟೂಲಲ್ಲ, ಕುರ್ಚಿ. ನಡುವೆ ಬಟ್ಟೆ, ಒಬ್ಬರ ಮುಖ ಒಬ್ಬರಿಗೆ ಕಾಣದು. ಸೂಜಿ ಹೋಗುತ್ತಿತ್ತು, ಬರುತ್ತಿತ್ತು.

"ನಿಂಗೆ ಪರದೆ ಹೊಲಿಯೋದು ಸಾಕಾಗಿ ಪರದೆ ಹಿಂದೆ ನನ್ನ ಕೂರಿಸಿದೀಯಾ?"

"ಕಾಣದಿದ್ರೆ ಚೆಂದ ಕಾಣ್ತೀರಿ. ಸೂಜಿ ಕೊಡಿ."

ಹನ್ನೆರಡು ಸಾಲುಗಳಾದ ಮೇಲೆ ಆಚೆಯಿಂದ ಸೂಜಿ ಬರುವುದು ತಡವಾಯಿತು.

"ನಿಜವಾಗ್ಲೂ ಇದರ ಕೆಳಗೆ ಕೂತು ಹೋಗ್ತೀಯಾ?"

"ಹೋಗ್ತೀನಿ ರೀ."

ಆಚೆಯಿಂದ ಭೂತಗನ್ನಡಿಯ ಅಂಚು ಬಟ್ಟೆಗೆ ತಾಗಿದ ಸಣ್ಣ ಸದ್ದು. "ಹಾಗಾದ್ರೆ ಕೆಳಗಿಂದ ಮೂರನೇ ಗಂಟು ಬಿಚ್ಚು. ಸರಿಯಾಗಿ ಕೂತಿಲ್ಲ."

ಅವಳು ಬಿಚ್ಚಿದಳು. ಆ ಹತ್ತು ದಿನಗಳಲ್ಲಿ ಆತ ಹೀಗೆ ಬಿಚ್ಚಿಸಿದ್ದು ನಲವತ್ತಾರು ಗಂಟು. ಮದುವೆಯ ಗಂಟು ಹಾಕುವಾಗಲೂ ಇಷ್ಟು ನಿಗಾ ವಹಿಸಿರಲಿಲ್ಲವೆಂದು ಅವಳು ಹಂಗಿಸಿದಳು.

ಈ ಸಲ ಮೇಸ್ತ್ರಿ ಬ್ಲೇಡನ್ನು ಅವಳ ಕೈಗೇ ಕೊಟ್ಟ. "ಎಲ್ಲಾದರೂ ಕತ್ತರಿಸು. ನಿಂಗೆ ಎಲ್ಲಿ ಭಯ ಇದೆಯೋ ಅಲ್ಲಿ." ಅವಳು ಮೊದಲ ದಿನ ಹೊಲಿದ ಸಾಲಿನಲ್ಲಿ ಒಂದನ್ನು ಕೊಯ್ದು, ಬಟ್ಟೆ ಹಿಡಿದು ಮೈಭಾರ ಹಾಕಿ ಜಗ್ಗಿದಳು. ಅಕ್ಕಪಕ್ಕದ ಎರಡು ಹೊಲಿಗೆ ಕದಲಲಿಲ್ಲ. ಮೇಸ್ತ್ರಿ ಆ ಒಂದನ್ನು ಮತ್ತೆ ಹಾಕಲು ದಾರ ಚಾಚಿದ. ಮುಂದಿನ ದಿನಗಳಲ್ಲಿ ಹೊಲಿಗೆಗಳ ಮೇಲೆ ಬಟ್ಟೆಯ ಪಟ್ಟಿ ಅಂಟಿಸಿದರು, ಬಣ್ಣ ಬಳಿದರು, ರೆಕ್ಕೆ ಜೋಡಿಸಿದರು. ತಪಾಸಣೆಯ ಅಧಿಕಾರಿ ಬಂದು ತಟ್ಟಿ, ಬಗ್ಗಿ, ಸಹಿ ಹಾಕಿ ಹೋದ.

ತಿಂಗಳ ಕೊನೆಯ ಬೆಳಿಗ್ಗೆ ತರಬೇತುದಾರಳು ಅವಳ ಹಿಂದೆ ಕೂತು ನಾಲ್ಕು ಸುತ್ತು ಹಾಕಿಸಿ, ಐದನೆಯದಕ್ಕೆ ಇಳಿದುಬಿಟ್ಟಳು. "ಬಾಲ ಸೊಟ್ಟ ಹೋಗೋಕೆ ಬಿಡ್ಬೇಡಿ ಆಂಟಿ. ಕಾಲು ಸುಮ್ಮನಿರಬಾರದು" ಎಂದಳು.

"ಹೊಲಿಗೆ ಮೆಷಿನ್ ತುಳಿದ ಕಾಲು ಮೇಡಂ. ಸುಮ್ಮನಿರು ಅಂದ್ರೆ ಕಷ್ಟ."

ಹುಲ್ಲು ಓಡಿತು, ಬಾಲ ಎದ್ದಿತು. ಚಕ್ರದ ಗಡಗಡ ಇದ್ದಕ್ಕಿದ್ದಂತೆ ಇಲ್ಲವಾಯಿತು. ನೆಲ ತಾನೇ ಕೈ ಬಿಟ್ಟ ಹಾಗೆ ಕೆಳಗೆ ಜಾರಿತು. ಅವಳು ಎಡಗಡೆ ತಲೆಯೆತ್ತಿದಳು. ಬಿಸಿಲು ತುಂಬಿಕೊಂಡ ರೆಕ್ಕೆ. ಬಣ್ಣದಡಿ ಸಾಲುಸಾಲು ಸಣ್ಣ ಉಬ್ಬುಗಳು, ಒಂದೊಂದೂ ಬೇರೆ ಬೇರೆ, ಪಕ್ಕದ್ದನ್ನು ನಂಬಿಕೊಳ್ಳದೆ ತನ್ನ ಅಳತೆಯ ಗಾಳಿಯನ್ನು ತಾನೇ ಹಿಡಿದುಕೊಂಡಿತ್ತು. ಮೇಲೆ ಬಟ್ಟೆ ಆಕಾಶದತ್ತ ಎಳೆಯುತ್ತಿತ್ತು, ಕೆಳಗೆ ಅವಳ ಭಾರ ಮಣ್ಣಿನತ್ತ ಎಳೆಯುತ್ತಿತ್ತು, ನಡುವೆ ಇದ್ದದ್ದು ದಾರ. ಅವಳಿಗೆ ಕೂಗಬೇಕೆನಿಸಲಿಲ್ಲ, ಹಾಡಬೇಕೆನಿಸಲಿಲ್ಲ. ಉಸಿರಾಡಿದರೂ ಎಲ್ಲಿ ಕಲಕಿಬಿಡುತ್ತದೋ ಎಂಬಷ್ಟು ಬೆಳಕು ಸುತ್ತಲೂ ಇತ್ತು. ಹೊಳೆ, ಗೋಡೌನು, ರೈಲು ಹಳಿ, ತನ್ನ ಬೀದಿ, ಎಲ್ಲ ಯಾರೋ ಮೇಜಿನ ಮೇಲೆ ಹರಡಿ ಇನ್ನೂ ಕತ್ತರಿಸದೆ ಬಿಟ್ಟ ಬಟ್ಟೆಯಂತೆ ಕೆಳಗೆ ಬಿದ್ದಿತ್ತು.

ಇಳಿಯುವುದು ಅಷ್ಟು ಚೆಂದವಾಗಲಿಲ್ಲ. ನೆಲ ಮುಟ್ಟಿ ಪುಟಿದು, ಮತ್ತೆ ಮುಟ್ಟಿ ಪುಟಿದು, ಒಂದೇ ಇಳಿತದಲ್ಲಿ ಮೂರು ಸಲ ಇಳಿದಳು. ನಾಲ್ಕನೆಯ ಸಲ ನೆಲ ಅವಳನ್ನು ಒಪ್ಪಿಕೊಂಡಿತು.

ಮೇಸ್ತ್ರಿ ನಡೆದು ಬಂದವನು ಅವಳತ್ತ ನೋಡಲೇ ಇಲ್ಲ. ರೆಕ್ಕೆಯ ಬುಡದಿಂದ ತುದಿಯವರೆಗೆ, ತುದಿಯಿಂದ ಬುಡದವರೆಗೆ ಅಂಗೈ ಒತ್ತಿ ಆಡಿಸಿದ. ಕಣ್ಣು ಮುಚ್ಚಿಕೊಂಡಿದ್ದ, ಹೇಗೂ ಅದರಿಂದ ಹೆಚ್ಚು ಉಪಯೋಗವಿರಲಿಲ್ಲ.

"ಮೇಸ್ತ್ರಿ, ನಾನೂ ಬದುಕಿದೀನಿ, ಒಂಚೂರು ಈ ಕಡೆ ನೋಡಿ" ಎಂದಳು ಸೀಟಿನಿಂದಲೇ.

"ನೀನು ಹೇಗೆ ಬದುಕಿದೆ ಅಂತ ನೋಡ್ತಿದೀನಿ" ಎಂದ. ಒಂದು ಹೊಲಿಗೆಯೂ ಸಡಿಲಾಗಿರಲಿಲ್ಲ. ಅವನು ಜೇಬಿನಿಂದ ಫೋನು ತೆಗೆದು, ಕಿವಿಗೆ ಹಿಡಿದು, ಅಲ್ಲೇ ನಿಂತು ಹೋಟೆಲ್ ಮಾಲೀಕನೊಂದಿಗೆ ಮಾತಾಡಿದ. "ಲಾರಿ ಕಳಿಸಬೇಡಿ. ಇಲ್ಲ, ರೇಟಿನ ಮಾತಲ್ಲ. ಕೊಟ್ಟಾಯ್ತು... ಪೈಲಟ್ಟಿಗಲ್ಲ ಸ್ವಾಮಿ, ದರ್ಜಿಗೆ."

ಹುಲ್ಲಿನಂಚಿನಿಂದ ಗಂಡ ಓಡಿ ಬರುತ್ತಿದ್ದ. ಹತ್ತಿರ ಬಂದವನು ರೆಕ್ಕೆಯಡಿ ನಿಂತು, ಏದುಸಿರು ಬಿಡುತ್ತ, ಹಿಂದಿನ ಖಾಲಿ ಸೀಟನ್ನು ಬಹಳ ಹೊತ್ತು ನೋಡಿದ.

"ಅಲ್ಲಿ ಕೂತ್ರೆ ಕೆಳಗೆ ಕಾಣುತ್ತಾ?" ಎಂದು ಕೇಳಿದ.

"ಕಾಣುತ್ತೆ."

"ಕಾಣದ ಹಾಗೆ ಏನಾದ್ರೂ ಹೊಲಿದು ಕೊಡು. ಆಮೇಲೆ ನೋಡೋಣ" ಎಂದು ರೆಕ್ಕೆಗೆ ಕೈಯಾನಿಸಿ ನಿಂತ.