ದೇವಮ್ಮನಿಗೆ ಇಡದ ಎಡೆ

ರತ್ನಮ್ಮ, ಬಿಳಿಕೆರೆಯ ನಿಮ್ಮ ಸಂತಾನ ನಿಂತುಹೋಯಿತು ಎಂದು ಬಾಯಿಬಿಟ್ಟು ಹೇಳಿದವನು ನಾನು. ನೀನು, ನಿನ್ನಿಬ್ಬರು ತಮ್ಮಂದಿರು, ನಿಮ್ಮ ಮಕ್ಕಳು — ಎಲ್ಲರೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗಲೇ ಒಂದೇ ಮಾತಿನಲ್ಲಿ ಸಾಯಿಸಿಬಿಟ್ಟೆ. ನಿನ್ನಪ್ಪನಿಗೆ ಇದು ಗೊತ್ತಾಗಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡವನೂ ನಾನೇ.

ತೊಂಬತ್ತರ ದಶಕದ ಕೊನೆ. ಪಿತೃಪಕ್ಷಕ್ಕೆ ಇನ್ನೊಂದು ತಿಂಗಳಿತ್ತು. ನೀನು ನಿನ್ನಪ್ಪನನ್ನು, ಅಂದರೆ ನನ್ನ ಚಿಕ್ಕಪ್ಪನನ್ನು ಕರೆದುಕೊಂಡು, ಹೊಸ ಅಗ್ರಹಾರದ ಹತ್ತಿರದ ನಮ್ಮೂರಿಗೆ ಬಂದೆ. ನಮ್ಮ ದೊಡ್ಡಮನೆಯ ಜಗಲಿಯಲ್ಲಿ ಕೂತು ಅವರು ಕೇಳಿದ್ದು ಇಷ್ಟೇ — ನಿನಗೆ ನೆನಪಿರಬೇಕು.

“ನಮ್ಮಜ್ಜಿ ದೇವಮ್ಮ ಪಟೇಲ್ರ ಕೈ ಹಿಡ್ದೋಳು ಕಣಪ್ಪ ಮೇಷ್ಟ್ರೆ, ಇಟ್ಕಂಡೋಳಲ್ಲ. ನಾನು ಸಾಯೋದ್ರೊಳ್ಗೆ ಈ ಮನೇಲಿ ಅವಳ ಎಸ್ರಲ್ಲಿ ಒಂದ್ ಎಡೆ ಮಡಗ್ಬುಡು. ನೀನು ಓದ್ದೋನು, ಇಚಾರ್ಸಿ ನೋಡು.”

“ಸೀರೆ ನಾವೇ ತತ್ತೀವಿ ಕಣಣ್ಣಯ್ಯ,” ಎಂದೆ ನೀನು.

ತೀರಿಹೋದ ಹಿರಿಯರನ್ನು ಹೆಸರು ಹಿಡಿದು ಕರೆದು, ಹೊಸ ಬಟ್ಟೆ ಇಟ್ಟು, ಅವರವರಿಗೆ ಇಷ್ಟವಾದದ್ದನ್ನೇ ಎಲೆಗೆ ಬಡಿಸುವುದು ನಮ್ಮ ಪದ್ಧತಿ. ಬಿಳಿ ದೊರೆಗಳ ಕಾಲದಲ್ಲಿ ಪಟೇಲರಾಗಿದ್ದ ಮುತ್ತಾತ ಮರೀಗೌಡರಿಗೆ ಒಂದು ಎಡೆ, ಪಕ್ಕದಲ್ಲಿ ನನ್ನ ಮುತ್ತಜ್ಜಿ ಕಾಳಮ್ಮನಿಗೆ ಒಂದು. ದೇವಮ್ಮನಿಗೆ ಇಲ್ಲ. ಅವಳು ಪಟೇಲರು ಇಟ್ಟುಕೊಂಡವಳು, ಮಗನನ್ನು ಎತ್ತಿಕೊಂಡು ಬಿಳಿಕೆರೆಗೆ ಹೋದವಳು — ಇದು ನಮ್ಮ ಮನೆಯಲ್ಲಿ ತಲೆಮಾರಿನಿಂದ ಬಂದ ಮಾತು.

ಮೂವತ್ತು ವರ್ಷ ಪರೀಕ್ಷೆಯ ಕೊಠಡಿಯಲ್ಲಿ ಮಕ್ಕಳ ನಕಲು ಚೀಟಿ ಹಿಡಿದ ಮೇಷ್ಟರಿಗೆ ನಿವೃತ್ತಿಯ ಮೇಲೆ ಉಳಿಯುವುದು ಅನುಮಾನವೊಂದೇ. ಸತ್ತವಳಿಗೆ ಒಂದು ಸೀರೆ ಇಡಿಸಲು ಬಸ್ಸು ಬದಲಿಸಿಕೊಂಡು ಯಾರು ಬರುತ್ತಾರೆ? ಇವತ್ತು ಎಡೆ, ನಾಳೆ ನಾಲೆ ಕೆಳಗಿನ ಗದ್ದೆಯಲ್ಲಿ ಪಾಲು — ಎಂದುಕೊಂಡೆ. ನೀನು ತಂದಿದ್ದ ಬಾಳೆಹಣ್ಣಿನ ಚಿಪ್ಪನ್ನೂ ಅನುಮಾನದಿಂದಲೇ ನೋಡಿದೆ. ತಿಂದೆ, ಅದು ಬೇರೆ.

ಆದರೂ ವಿಚಾರಣೆ ಕೈಗೊಂಡೆ; ಅದಕ್ಕೆಂದೇ ನೂರು ಪುಟದ ನೋಟ್‌ಬುಕ್ಕು ತಂದು, ಮೊದಲ ಪುಟದಲ್ಲಿ ‘ವಂಶ ವಿಚಾರಣೆ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಅಟ್ಟದಿಂದ ಪಟೇಲಿಕೆಯ ಹಳೆಯ ಕಾಗದಗಳನ್ನು ಇಳಿಸಿದೆ. ಆ ಕಾಲದ ಸರ್ಕಾರಕ್ಕೆ ಪಟೇಲರ ಬಾವಿ, ಮರ, ಎಮ್ಮೆ ಎಲ್ಲವೂ ಬೇಕಿತ್ತು. ಹೆಂಡತಿ ಯಾರೆಂಬುದು ಬೇಕಿರಲಿಲ್ಲ. ಏನೂ ಸಿಗದೆ ನನಗೆ ಸಮಾಧಾನವಾಯಿತು. ಯಾಕೆ ಸಮಾಧಾನ — ಎಂದು ಆಗಲೇ ನನ್ನನ್ನು ನಾನು ಅನುಮಾನಿಸಬೇಕಿತ್ತು. ಊರನ್ನೆಲ್ಲ ಅನುಮಾನಿಸಿದವನು ಒಬ್ಬನನ್ನು ಮಾತ್ರ ಬಿಟ್ಟೆ.

ಅದೇ ವಾರ ಹೆಳವ ಬಂದ. ಎತ್ತಿನ ಮೇಲೆ ಊರೂರು ತಿರುಗಿ, ಮನೆತನಗಳ ಹುಟ್ಟು, ಮದುವೆಗಳನ್ನು ಹೊತ್ತಿಗೆಯಲ್ಲಿ ಬರೆದಿಟ್ಟು, ಹಲವು ವರ್ಷಕ್ಕೊಮ್ಮೆ ಬಾಗಿಲಲ್ಲಿ ಓದಿ ಹೇಳುವುದು ಅವರ ಕಸುಬು. ಅವನ ಮೇಲೂ ನನಗೆ ಅನುಮಾನ — ಮೊರ ತುಂಬ ರಾಗಿ ಕೊಟ್ಟವರನ್ನೆಲ್ಲ ಚಂದ್ರವಂಶಕ್ಕೆ ಸೇರಿಸುವವನಿರಬಹುದು. ಪರೀಕ್ಷಿಸಲೆಂದು ನನ್ನ ತಂದೆಯ ಹೆಸರನ್ನೇ ತಪ್ಪಾಗಿ ಹೇಳಿದೆ. ಅವನು ಹೊತ್ತಿಗೆ ನೋಡದೆಯೇ ತಿದ್ದಿದ. ಆಮೇಲೆ ಬಿಚ್ಚಿ ಓದಿದ:

“ಪಟೇಲ್ ಮರೀಗೌಡ್ರು ಧಾರೆ ಎರ್ಸಿ ತಂದ ಹೆಂಡ್ರು ದೇವಮ್ಮ. ಅವಳಿಗೊಬ್ಬ ಗಂಡ್ಮಗ. ಮನಸ್ತಾಪ ಆಗಿ ತಾಯಿ ಮಗ ಬಿಳಿಕೆರೆ ಸೇರ್ಕಂಡ್ರು. ಆಮ್ಯಾಕೆ ಕೋಟೆ ಸೀಮೆ ಕಾಳಮ್ಮನ್ನ ಸೀರುಡಿಕೆ ಮಾಡ್ಕಂಡ್ರು. ಕಾಳಮ್ಮ ಬರುವಾಗ ಕಂಕುಳಲ್ಲಿ ಎರಡೊರ್ಸದ ಮಗ.”

ಸೀರುಡಿಕೆ ಎಂದರೆ ವಿಧವೆಗೆ ಹೊಸ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು. ಕಂಕುಳಲ್ಲಿ ಬಂದ ಆ ಮಗ ನನ್ನ ತಾತ. ಅವನ ಅಪ್ಪನ ಹೆಸರನ್ನೂ ಹೆಳವ ಓದಿದ. ಅದು ಪಟೇಲರ ಹೆಸರಲ್ಲ. ಪಟೇಲರ ರಕ್ತ ಇದ್ದದ್ದು ಬಿಳಿಕೆರೆಯಲ್ಲಿ. ದೊಡ್ಡಮನೆಯ ಜಗಲಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ನಿಮ್ಮ ವಿಚಾರಣೆ ನಡೆಸುತ್ತಿದ್ದ ನಾನು —

ಹೊತ್ತಿಗೆ ಮಡಿಸುತ್ತ ಅವನು ಕೇಳಿದ: “ದೇವಮ್ಮನ ಕಡೆಯೋರು ಈಗ ಎಲ್ಲವ್ರೆ ಸ್ವಾಮಿ? ಅವ್ರ ಬಾಗ್ಲಲ್ಲೂ ಒಂದ್ಸಲ ಓದ್ಬೇಕು.”

“ಯಾರೂ ಇಲ್ಲ ಕಣಯ್ಯ. ಆ ಸಂತಾನ ನಿಂತೋಯ್ತು.”

ಅವನು ನನ್ನ ಮುಖ ನೋಡಿದ. ಅನುಮಾನ ಬಂದಿರಬೇಕು — ಆದರೆ ಹೇಳಿದವರು ಮೇಷ್ಟರು. ಮತ್ತೆ ಬಿಚ್ಚಿ, ಒಂದು ಸಾಲು ಬರೆದುಕೊಂಡ. ಅವನ ಎತ್ತು ಬೀದಿಯ ತಿರುವು ದಾಟುವವರೆಗೂ ನಾನು ಜಗಲಿ ಬಿಟ್ಟು ಏಳಲಿಲ್ಲ. ಯಾವ ದಾರಿ ಹಿಡಿಯುತ್ತಾನೆಂದು ನೋಡಬೇಕಿತ್ತು.

ತೀರ್ಪು ಹೇಳಲು ಬಿಳಿಕೆರೆಗೆ ನಾನೇ ಬಂದೆ. “ದಾಖಲೆ ಏನೂ ಸಿಗ್ಲಿಲ್ಲ ಚಿಕ್ಕಪ್ಪ.” ಕಾಗದದ ಮಟ್ಟಿಗೆ ಅದು ನಿಜವೇ, ಇಂಥ ನಿಜಗಳನ್ನು ಆರಿಸಿ ತೆಗೆಯುವುದರಲ್ಲಿ ನಾನು ನಿಪುಣ. ಅವರು, “ಬುಡು, ನೀನೇನ್ ಮಾಡೀಯೆ. ಉಂಡ್ಕಂಡೋಗು,” ಎಂದರು. ನೀನು ಕೋಳಿ ಸಾರು ಮಾಡಿದ್ದೆ. ಉಂಡೆ, ರತ್ನಮ್ಮ. ಎರಡನೇ ಸಲ ಹಾಕಿಸಿಕೊಂಡೆ.

ಮುಂದಿನ ಪಿತೃಪಕ್ಷದ ಹೊತ್ತಿಗೆ ಚಿಕ್ಕಪ್ಪ ಇರಲಿಲ್ಲ.

ಅಲ್ಲಿಂದೀಚೆಗೆ ಪ್ರತಿ ವರ್ಷ ಹೆಸರು ಕರೆಯುವಾಗ ಹಿಂದೆ ನಿಂತವರ ಮುಖ ನೋಡುತ್ತೇನೆ. ಸೊಸೆ ನಕ್ಕರೆ, ತಮ್ಮ ಕೆಮ್ಮಿದರೆ — ಇವರಿಗೆ ಗೊತ್ತಿರಬಹುದೇ? ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಎಡೆಯ ಮುಂದೆಯೇ ನಿಂತಿದ್ದ.

ಆ ಹೆಳವ ಮತ್ತೆ ಬರಲಿಲ್ಲ. ವಿಚಾರಿಸಿದೆ. ಗಾವಡಗೆರೆ ಕಡೆ ಅವನ ಮಗನಿದ್ದಾನೆ, ಹೊತ್ತಿಗೆ ಅವನ ಹತ್ತಿರವಿದೆ. ಅವನನ್ನು ಕರೆತಂದು ನಿನ್ನ ಬಾಗಿಲಲ್ಲಿ ಓದಿಸುತ್ತೇನೆ. ನಿಂತಿತೆಂದು ಬರೆಸಿದ ಸಾಲನ್ನು ನಿನ್ನೆದುರಿಗೇ ಹೊಡೆದುಹಾಕಿಸುತ್ತೇನೆ. ನನ್ನ ಮಕ್ಕಳಿಗೂ ಎಲ್ಲವನ್ನೂ ಹೇಳಿದ್ದೇನೆ. ದೊಡ್ಡವನು ಮೂರು ದಿನದಿಂದ ಮಾತು ಬಿಟ್ಟಿದ್ದಾನೆ.

ಈ ಸಲ ದೊಡ್ಡಮನೆಯಲ್ಲಿ ಪಟೇಲರನ್ನೂ ದೇವಮ್ಮನನ್ನೂ ಹೆಸರು ಹಿಡಿದು ಕರೆಯಬೇಕಾದವರು ನೀವು. ಬರಲೇಬೇಕೆಂದು ಕೇಳುವ ಮುಖ ನನಗಿಲ್ಲ. ದೇವಮ್ಮನಿಗೆ ಏನಿಷ್ಟವೆಂದು ಚಿಕ್ಕಪ್ಪ ನಿನಗೆ ಹೇಳಿರುತ್ತಾರೆ. ಚಿಕ್ಕಪ್ಪನಿಗೆ ಏನಿಷ್ಟವೆಂದು ನಿನಗೇ ಗೊತ್ತು.

ನಾನು ಇಡಬೇಕಾದ ಎಡೆ ಬೇರೆ. ಕೋಟೆ ಸೀಮೆಯವನು, ಹೆಸರು ಮಾದಯ್ಯ — ನನ್ನ ತಾತನ ಅಪ್ಪ. ಒಂದು ಪಂಚೆ ತಂದಿಟ್ಟಿದ್ದೇನೆ. ಎಲೆಗೆ ಏನು ಬಡಿಸಿದರೆ ಅವನಿಗೆ ಇಷ್ಟವೆಂದು ಕೇಳೋಣವೆಂದರೆ ಯಾರೂ ಇಲ್ಲ.