ಮುಖ ಕಾಣುವ ಬಚ್ಚಲು

ಚನ್ನಗಿರಿಯಲ್ಲಿರುವ ನನ್ನ ತಮ್ಮ ಮನೆಗೆ ಬಂದವರಿಗೆ ಚಹಾ ಕೊಡುವ ಮೊದಲು ಬಚ್ಚಲು ತೋರಿಸುತ್ತಾನೆ. ಹಳೆಯ ಒರಟು ಬಂಡೆ ಕೀಳಿಸಿ, ನೆಲಕ್ಕೂ ಗೋಡೆಗೂ ಮುಖ ಕಾಣುವಂಥ ಟೈಲ್ಸ್ ಹಾಕಿಸಿದ್ದಾನೆ. ಬಂದವರು ಹೊಸ್ತಿಲಾಚೆಯೇ ನಿಂತು "ಭಾರಿ ಆಗೈತೆ ಬಿಡ್ರಿ" ಅನ್ನುತ್ತಾರೆ. ಒಳಗೆ ಕಾಲಿಡುವ ಧೈರ್ಯ ಒಬ್ಬರಿಗೂ ಇಲ್ಲ. ಒಣಗಿದ್ದಾಗಲೇ ಜಾರುವ ಆ ನೆಲದ ಮೇಲೆ ದಿನಾ ಮೀಯಬೇಕಾದವಳು ನಮ್ಮ ಅವ್ವ. ಲಕ್ವ ಹೊಡೆದ ಮೇಲೆ ಅವಳ ಎಡಗಾಲು ಅವಳ ಮಾತು ಕೇಳುವುದಿಲ್ಲ.

ಅವ್ವನಿಗೆ ಸ್ನಾನವೆಂದರೆ ಬರೀ ಮೈ ತೊಳೆಯುವುದಲ್ಲ. ಮಿಂದು, ವಿಭೂತಿ ಧರಿಸಿ, ಕೊರಳಲ್ಲಿರುವ ಬೆಳ್ಳಿ ಕರಡಿಗೆ ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ತುತ್ತು. ಮೀಯದೆ ಕರಡಿಗೆ ಬಿಚ್ಚಿದವಳಲ್ಲ. ಇನ್ನೊಬ್ಬರ ಕೈಯಲ್ಲಿ ಮೀಯಿಸಿಕೊಳ್ಳಲು ಮಾತ್ರ ಒಪ್ಪಳು. ಮಗಳಾದರೂ ಬೇಡ, ಸೊಸೆಯಾದರೂ ಬೇಡ.

ಗೋಡೆಗೊಂದು ಹಿಡಿಕೆ ಹಾಕಿಸು ಎಂದು ನಾನು ನ್ಯಾಮತಿಯಿಂದ ಫೋನಿನಲ್ಲಿ ಬಡಿದುಕೊಂಡೆ.

"ಟೈಲ್ಸ್ ಸೀಳ್ತಾವೆ ಅಕ್ಕ. ಅಲ್ದೆ ಆಸ್ಪತ್ರೆ ಇದ್ದಂಗೆ ಕಾಣ್ತೈತೆ."

"ಅವ್ವ ಬಿದ್ರೆ?"

"ಹುಷಾರಾಗಿ ಹೋಗು ಅಂತ ದಿನಾ ಹೇಳ್ತೀನಲ್ಲ."

ಹುಷಾರಂತೆ! ಮುದುಕರಿಗೆ ಮಕ್ಕಳು ಕೈಬಿಚ್ಚಿ ಕೊಡುವ ಸಾಮಾನು ಅದೊಂದೇ, ಏಕೆಂದರೆ ಅದಕ್ಕೆ ಗೋಡೆ ಕೊರೆಯಬೇಕಾಗಿಲ್ಲ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರೆ. ಇವನು ಮೂಗನ್ನೇ ಮರೆತು ಮೂಗುತಿ ಒರೆಸುತ್ತ ಕೂತವನು.

ಯುಗಾದಿ ಹತ್ತಿರ ಬಂದಾಗ ನಾನೇ ಹೋದೆ. ಚಪ್ಪಲಿ ಬಿಡುವ ಮೊದಲೇ ಮಹಾರಾಯ ಅಂದ: "ಬಂದಿದ್ದು ಚಲೋ ಆತು. ಹಬ್ಬಕ್ಕೆ ಅವ್ವಂಗೆ ಹರಳೆಣ್ಣೆ ಹಚ್ಚಿ ಎರಿ." ಆ ನೆಲದ ಮೇಲೆ ಹರಳೆಣ್ಣೆ! ಇಂಥ ಬುದ್ಧಿವಂತನನ್ನು ನಮ್ಮವ್ವನೇ ಹೆತ್ತಳೆಂದು ನೆನೆದು ನಗು ಬಂತು, ಸಿಟ್ಟೂ ಬಂತು.

ಮರುದಿನ ಬೆಳಿಗ್ಗೆ ಅವ್ವ ಬಚ್ಚಲಿಗೆ ಹೋದಳು. ನೀರಿನ ಸದ್ದು ಕೇಳುತ್ತಿತ್ತು. ತಮ್ಮ ಪೇಪರಿನಿಂದ ತಲೆಯೆತ್ತಿ "ನೋಡು, ಎಷ್ಟು ಚಂದ ಸ್ನಾನ ಮಾಡ್ತಾಳೆ" ಅಂದ. ನನಗೆ ತಡೆಯಲಾಗಲಿಲ್ಲ, ಹಿಂದಕ್ಕೆ ಹೋಗಿ ಇಣುಕಿದೆ. ಅವ್ವ ಉಟ್ಟ ಸೀರೆಯಲ್ಲೇ ಹೊಸ್ತಿಲ ಮೇಲೆ ಕೂತಿದ್ದಳು. ಒಂದು ಕೈಯಲ್ಲಿ ಚೌಕಟ್ಟು ಹಿಡಿದು, ಇನ್ನೊಂದು ಕೈಯಿಂದ ಬಕೆಟ್ಟಿನ ನೀರು ಮೊಗೆದು ನೆಲಕ್ಕೆ ಸುರಿಯುತ್ತಿದ್ದಳು.

"ಏನವ್ವ ಇದು?"

"ಸುಮ್ನಿರು. ಅವನಿಗೆ ಸದ್ದು ಕೇಳಿದ್ರೆ ಸಾಕು. ಒಳಗೆ ಕಾಲಿಡಾಕೆ ಜೀವ ಹೆದರ್ತೈತೆ."

ತಮ್ಮ ವ್ಯಾಪಾರಕ್ಕೆ ಹೋದದ್ದೇ ತಡ, ಪ್ಲಂಬರನನ್ನು ಕರೆಸಿದೆ. ಕೂರುವ ಜಾಗದ ಪಕ್ಕಕ್ಕೊಂದು, ಬಾಗಿಲ ಬಳಿಗೊಂದು ಗಟ್ಟಿ ಸ್ಟೀಲ್ ಹಿಡಿಕೆ ಕೂತವು. ನೆಲಕ್ಕೆ ಜಾರದ ರಬ್ಬರ್ ಹಾಸು, ಕೂರಲು ಕಾಲಿಗೆ ರಬ್ಬರಿದ್ದ ಕುರ್ಚಿ, ಬಗ್ಗದೆ ಮೊಗೆಯಲು ಬಕೆಟ್ಟಿನಡಿ ಒಂದು ಮಣೆ. ಕೊರೆಯುವಾಗ ಒಂದು ಟೈಲ್ಸ್ ಸೀಳಿಯೂಬಿಟ್ಟಿತು. ನನಗೆ ಸಂತೋಷವೇ ಆಯಿತು.

ಸಂಜೆ ಬಂದ ತಮ್ಮ ಆ ಬಿರುಕಿನ ಮೇಲೆ ಬೆರಳಾಡಿಸಿ "ಇದರ ಜೋಡಿ ಈಗ ಎಲ್ಲೂ ಸಿಗಲ್ಲ ಅಕ್ಕ" ಎಂದು ಅತ್ತಂತೆ ಮಾಡಿದ. ಅವ್ವನಿಗೆ ಲಕ್ವ ಹೊಡೆದಾಗಲೂ ಅವನ ಮುಖ ಅಷ್ಟು ಇಳಿದಿರಲಿಲ್ಲ.

ಮರುದಿನ ಅವ್ವ ಬಚ್ಚಲಿನಿಂದ ಬೇಗ ಹೊರಗೆ ಬರಲಿಲ್ಲ. ಬಂದಾಗ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಜಾರದಲ್ಲೇ ಕೂತು ವಿಭೂತಿ ಹಚ್ಚಿಕೊಂಡು ಕರಡಿಗೆಗೆ ಕೈ ಹಾಕಿದಳು. ಮುಚ್ಚಳ ಬಿಗಿದುಕೊಂಡಿತ್ತು, ಬೆರಳಿಗೆ ಬಗ್ಗಲಿಲ್ಲ.

"ದಿನಾ ಕೋಣೆ ಬಾಗ್ಲು ಹಾಕ್ಕಂಡು ಪೂಜೆ ಮಾಡ್ತಿದ್ದಿ, ಇವತ್ತೇನು ಇಲ್ಲೇ ಕುಂತಿ?" ತಮ್ಮ ಕೇಳಿದ.

ಅವ್ವ ಕರಡಿಗೆಯನ್ನು ಅವನ ಕಡೆ ಚಾಚಿದಳು.

"ಬಿಚ್ಚಿ ಕೊಡಪ್ಪ. ನಿನ್ನ ಬಚ್ಚಲು ಆದಾಗಿಂದ ಬಿಚ್ಚಿಲ್ಲ. ಉಣ್ಣಾದು ಮಾತ್ರ ದಿನಾ ಉಂಡೆ."