ಗುಡಿಯ ಹಿಂದಿನ ಒಂದೆಲಗ

ಚೌಡಮ್ಮನನ್ನು ನಂಬಿದ ನಿಮ್ಮೆಲ್ಲರ ಮುಂದೆ ನನ್ನದೂ ಒಂದು ಮಾತಿದೆ, ಕೇಳಿ. ಮೂರು ವರ್ಷದ ಹಿಂದೆ, ೧೯೭೪ರಲ್ಲಿ, ನನ್ನ ಯಜಮಾನರು ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿ ತೀರಿಕೊಂಡರು. ಹೊಳಲ್ಕೆರೆಯಲ್ಲಿ ಗುಮಾಸ್ತರಾಗಿದ್ದರು. ಟೈಪಿಂಗ್ ಪರೀಕ್ಷೆ ಪಾಸಾದರೆ ಅವರ ಕೆಲಸ ನನಗೇ ಎಂದರು ಕಚೇರಿಯವರು. ಮಡಿಲಲ್ಲಿ ಎರಡು ವರ್ಷದ ಮಗಳು. ಬೇರೆ ಗತಿಯಿರಲಿಲ್ಲ.

ಟೈಪಿಂಗ್ ಕಲಿಯಲು ಸೇರಿದೆ. ಆದರೆ ಮನಸ್ಸು ನಿಂತಲ್ಲಿ ನಿಲ್ಲದು. ಸಾಲು ಬಿಟ್ಟು ಸಾಲು ಹೊಡೆಯುತ್ತಿದ್ದೆ. ಒಂದು ದಿನ ಪಾಠದ ನಡುವೆ ಅವರ ಹೆಸರನ್ನೇ ಹೊಡೆದಿದ್ದೆ. ಟೈಪಿಂಗ್ ಮೇಷ್ಟ್ರು ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು. ಬೈದಿದ್ದರೇ ವಾಸಿಯಿತ್ತು.

ಪರೀಕ್ಷೆಗೆ ತಿಂಗಳಿರುವಾಗ ಚೌಡಮ್ಮನ ಗುಡಿಯಲ್ಲಿ ಹೂ ಕೇಳಿದೆ. "ಪಾಸಾಗಂಗಿದ್ರೆ ಬಲಗಡೆ ಹೂ ಕೊಡವ್ವ." ಬಿಸಿಲೇರಿದರೂ ಒಂದು ಎಸಳೂ ಅಲುಗಲಿಲ್ಲ. ಸುಳ್ಳೇಕೆ ಹೇಳಲಿ, ಅಮ್ಮನ ಮೇಲೆ ಸಿಟ್ಟೇ ಬಂತು. ಗುಡಿಯ ಹಿಂದೆ ಹೋಗಿ ಗೊಳೋ ಎಂದು ಅತ್ತೆ.

ಅಲ್ಲಿ ಅಭಿಷೇಕದ ನೀರು ಹರಿದ ತಂಪಿನಲ್ಲಿ ಒಂದೆಲಗದ ಸೊಪ್ಪು ಹಬ್ಬಿತ್ತು. ಪೂಜಾರಿಯ ತಾಯಿ ಮೊರ ಹಿಡಿದು ಕೂತಿದ್ದರು. ಪರೀಕ್ಷೆ ಬಂತೆಂದರೆ ಊರ ಮಕ್ಕಳಿಗೆ ಬುದ್ಧಿ ನಿಲ್ಲಲಿ ಎಂದು ಒಂದೆಲಗದ ಚಟ್ನಿ ಅರೆದು ಕೊಡುವ ಅಜ್ಜಿ.

"ಅತ್ತಿದ್ದು ಸಾಕು ಬಾರವ್ವ, ಈ ಸೊಪ್ಪು ಬಿಡಿಸು. ಇದರಂಗೇ ಕಾಣೋ ಕಳೆ ಐತೆ, ನೋಡ್ಕಂಡು ಕೀಳು. ಮಕ್ಕಳು ತಿನ್ನೋದು."

ಒಂದೊಂದೇ ಎಲೆ ನೋಡಿ ಬಿಡಿಸಿದೆ. ಮೊರ ತುಂಬಿದಾಗ ಗೊತ್ತಾಯಿತು, ಅಷ್ಟು ಹೊತ್ತು ನನ್ನ ಮನಸ್ಸು ಎಲ್ಲಿಗೂ ಓಡಿರಲಿಲ್ಲ. ಆಮೇಲೆ ದಿನಾ ಬೆಳಿಗ್ಗೆ ಹೋದೆ. ಅಜ್ಜಿ ರೊಟ್ಟಿಗೆ ಅದೇ ಚಟ್ನಿ ಹಚ್ಚಿ ನನಗೂ ತಿನ್ನಿಸುತ್ತಿದ್ದರು. ಬರಬರುತ್ತಾ ಬೆರಳುಗಳು ಸಾಲು ಹಿಡಿದವು.

ಬಸ್ಸಿನಲ್ಲಿ ನಿಂತೇ ದುರ್ಗಕ್ಕೆ ಹೋಗಿ ಪರೀಕ್ಷೆಗೆ ಕೂತೆ. ಪಾಸಾದೆ! ಸುದ್ದಿ ಹೇಳಲು ಓಡಿದರೆ ಅಜ್ಜಿ ನನ್ನ ಮುಖ ತಡವಿ, "ಯಾರು, ಸೊಪ್ಪಿನವ್ವನಾ?" ಎಂದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ತಿಂಗಳೆಲ್ಲ ಪಕ್ಕದಲ್ಲೇ ಕೂತರೂ ನನ್ನ ದುಃಖದಲ್ಲಿ ನಾನದನ್ನು ಕಂಡಿರಲಿಲ್ಲ.

"ಸೊಪ್ಪು ಯಾವ್ದು, ಕಳೆ ಯಾವ್ದು, ಒಂದೂ ಕಾಣ್ತಿರಲಿಲ್ಲವ್ವ. ಮಕ್ಕಳಿಗೆ ಏನು ತಿನ್ಸಿಬಿಡ್ತೀನೋ ಅಂತ ಭಯ. ಅವತ್ತು ಅಮ್ಮನ್ನ ಕಣ್ಣು ಕೇಳ್ತಾ ಕುಂತಿದ್ದೆ," ಎಂದರು. "ನೀನು ಬಂದೆ."

ಮುನಿಸಿಕೊಂಡಿದ್ದಕ್ಕೆ ಅಮ್ಮ ನನ್ನನ್ನು ಕ್ಷಮಿಸಲಿ. ಈಗಲೂ ಕಚೇರಿಗೆ ಹೋಗುವ ಮೊದಲು ಅಜ್ಜಿಯ ಪಕ್ಕ ಕೂತು ಸೊಪ್ಪು ಬಿಡಿಸುತ್ತೇನೆ. ಹೂವನ್ನು ಮಾತ್ರ ಮತ್ತೆ ಕೇಳಿಲ್ಲ.